ಗಿಲಕಿ ತಾಯಿಯ ಕೈಯಲ್ಲಿರಲಿ

(ಅಂಗನವಾಡಿ ಕಾರ್ಯಕರ್ತೆಯರು ಮತ್ತು ಮೇಲ್ವಿಚಾರಕಿಯರ ತರಬೇತಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಒಂದೂವರೆ ವರ್ಷದ ಮಗುವಿರುವ ಮನೆಗೆ ನೀವು ಹೋಗುತ್ತೀರಿ. ಚೀಲದಿಂದ ಗಿಲಕಿ ತೆಗೆದು ಅಲ್ಲಾಡಿಸುತ್ತೀರಿ, ಮಗು ಕೇಕೆ ಹಾಕುತ್ತದೆ. ತಾಯಿ ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ನೋಡಿ, ನಿಮಗೆ ಕಾಫಿ ಮಾಡಲು ಒಳಗೆ ಹೋಗುತ್ತಾಳೆ. ಮಗುವಿಗೂ ಖುಷಿ, ನಿಮಗೂ ಖುಷಿ. ಮುಂದಿನ ಭೇಟಿಯವರೆಗೆ ಆ ಮನೆಯಲ್ಲಿ ಏನು ನಡೆಯುತ್ತದೆ? ಹೆಚ್ಚುಕಡಿಮೆ ಏನೂ ನಡೆಯುವುದಿಲ್ಲ. ಮಗುವನ್ನು ಆಡಿಸುವುದು ಟೀಚರ್ ಕೆಲಸ, ಅದಕ್ಕೆ ಅವರ ಚೀಲ ಬೇಕು, ಅವರ ವಿದ್ಯೆ ಬೇಕು ಅಂತ ತಾಯಿ ತಿಳಿದುಕೊಂಡಳು. ವಾರಕ್ಕೆ 168 ಗಂಟೆ, ಅದರಲ್ಲಿ ನಿಮಗೆ ಸಿಗುವುದು ಬಹಳ ಅಂದರೆ ಒಂದು. ಆ ಒಂದು ಗಂಟೆ ತಾಯಿಯನ್ನು ತಯಾರು ಮಾಡಲಿಕ್ಕೆ ಹೋದರೆ ಮಾತ್ರ ಉಳಿದ ಗಂಟೆಗಳು ಮಗುವಿಗೆ ದಕ್ಕುತ್ತವೆ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಇದನ್ನು ಬಹಳ ಶ್ರದ್ಧೆಯಿಂದ ಮಾಡಿ ತೋರಿಸಿದವರು ಜಮೈಕಾದವರು. ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ ಮತ್ತು ಅವರ ತಂಡ 1986-87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಮಕ್ಕಳನ್ನು ಆರಿಸಿಕೊಂಡಿತು. ಎಲ್ಲರೂ 9ರಿಂದ 24 ತಿಂಗಳವರು. ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿಯಂಥ ಪೌಷ್ಟಿಕ ಆಹಾರ. ಇನ್ನೊಂದಕ್ಕೆ ವಾರಕ್ಕೊಂದು ಗಂಟೆ ಮನೆ ಭೇಟಿ, ಆ ಭೇಟಿಯಲ್ಲಿ ತಾಯಿಗೆ ಆಟ ಕಲಿಸುವುದು. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಇದು ಎರಡು ವರ್ಷ ನಡೆಯಿತು. ಭೇಟಿಗೆ ಹೋಗುತ್ತಿದ್ದವರು ಮನೋವಿಜ್ಞಾನಿಗಳೂ ಅಲ್ಲ, ಡಾಕ್ಟರುಗಳೂ ಅಲ್ಲ. ಸಮುದಾಯ ಆರೋಗ್ಯ ಸಹಾಯಕಿಯರು, ನಿಮ್ಮಂಥವರೇ.

ಎರಡು ವರ್ಷ ಮುಗಿದಾಗ ಆಹಾರ ಸಿಕ್ಕ ಮಕ್ಕಳೂ ಸುಧಾರಿಸಿದ್ದರು, ಆಟ ಸಿಕ್ಕ ಮಕ್ಕಳೂ ಸುಧಾರಿಸಿದ್ದರು. ಎರಡೂ ಸಿಕ್ಕವರು ಎಲ್ಲರಿಗಿಂತ ಮುಂದಿದ್ದರು. ಕುತೂಹಲದ ಸಂಗತಿ ಇರುವುದು ಆಮೇಲೆ. ಬುದ್ಧಿ ಬೆಳವಣಿಗೆಗೆ ಆಹಾರದಿಂದ ಬಂದಿದ್ದ ಲಾಭ ವರ್ಷಗಳು ಕಳೆದಂತೆ ಅಳಿಸಿಹೋಯಿತು, ಆಟದಿಂದ ಬಂದದ್ದು ಉಳಿಯಿತು. ಅದೇ ಮಕ್ಕಳು 22 ವರ್ಷದವರಾದಾಗ ಅವರ ಗಳಿಕೆ ಲೆಕ್ಕ ಹಾಕಿದರು. ಆಟದ ಭೇಟಿ ಸಿಕ್ಕಿದ್ದವರು ಸಿಗದವರಿಗಿಂತ ಸುಮಾರು 25 ಶೇಕಡಾ ಹೆಚ್ಚು ದುಡಿಯುತ್ತಿದ್ದರು. ಇದು 2014ರಲ್ಲಿ ಪ್ರಕಟವಾಯಿತು. ಹಾಗಂತ ಊಟ ಬೇಡ ಎಂದು ಯಾರೂ ಅರ್ಥ ಮಾಡಿಕೊಳ್ಳಬೇಡಿ. ಹಸಿದ ಮಗು ಆಡುವುದಿಲ್ಲ. ಅಂಗನವಾಡಿಯ 'ಪುಷ್ಟಿ' ಆಹಾರದ ಪೊಟ್ಟಣ ಕೊಟ್ಟು ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡರೆ ಮೂರು ವರ್ಷದೊಳಗಿನ ಮಗುವಿನ ಕೆಲಸ ಮುಗಿಯಿತು ಎಂಬ ಭಾವನೆ ಮಾತ್ರ ಹೋಗಬೇಕು.

ನಮ್ಮ ರಾಜ್ಯದಲ್ಲಿ ಅಂಗನವಾಡಿ ಕೆಲಸ 1975ರಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಿಂದ ಶುರುವಾಯಿತು. ಅಲ್ಲಿಂದ ಇಲ್ಲಿಯವರೆಗೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಹಾಡು, ಕಥೆ, ಚಾರ್ಟು ಎಲ್ಲ ಬಂದವು. ಮೂರು ವರ್ಷದೊಳಗಿನವರು ಕೇಂದ್ರಕ್ಕೆ ಬರುವುದಿಲ್ಲ, ಹಾಗಾಗಿ ಅವರ ಪಾಲಿಗೆ ತೂಕ, ಚುಚ್ಚುಮದ್ದು, ಪೊಟ್ಟಣ ಇಷ್ಟೇ ಉಳಿಯಿತು. 2024ರಲ್ಲಿ ಕೇಂದ್ರ ಸರ್ಕಾರ 'ನವಚೇತನ' ಚೌಕಟ್ಟು ತಂದಿತು. ಅದರಲ್ಲಿ ಹುಟ್ಟಿನಿಂದ 36 ತಿಂಗಳವರೆಗೆ ತಿಂಗಳುವಾರು ಆಟಗಳಿವೆ. ಆಟಗಳ ಪಟ್ಟಿ ನಿಮ್ಮ ಕೈಗೆ ಬಂದಿದೆ ಅಥವಾ ಬರುತ್ತದೆ. ಪಟ್ಟಿಯನ್ನು ತಾಯಿಗೆ ಓದಿ ಹೇಳಿದರೆ ಏನೂ ಆಗದು. ಅದು ಅವಳ ಕೈಗೆ ಇಳಿಯಬೇಕು. ಹೇಗೆ ಇಳಿಸುವುದು ಎನ್ನುವುದನ್ನು ಒಂದು ಭೇಟಿಯ ಉದಾಹರಣೆ ಇಟ್ಟುಕೊಂಡೇ ನೋಡೋಣ.

ಮಗುವಿಗೆ ಒಂಬತ್ತು ತಿಂಗಳು. ಕೂತುಕೊಳ್ಳುತ್ತದೆ, ಅಂಬೆಗಾಲು ಶುರುವಾಗಿದೆ. ಮನೆಗೆ ಹೋದ ತಕ್ಷಣ ನೆಲದ ಮೇಲೆ ಚಾಪೆ ಹಾಕಿಸಿ ಕೆಳಗೆ ಕುಳಿತುಕೊಳ್ಳಿ. ಕುರ್ಚಿ ಕೊಟ್ಟರೆ ಬೇಡ ಅನ್ನಿ, ಕುರ್ಚಿಯಲ್ಲಿ ಕೂತವರು ಮೇಡಂ ಆಗಿಬಿಡುತ್ತಾರೆ. ತಾಯಿ ಮತ್ತು ಮಗು ಎದುರುಬದುರು, ನೀವು ತಾಯಿಯ ಪಕ್ಕಕ್ಕೆ. ಮಗು ನಿಮ್ಮ ಮಡಿಲಿಗೆ ಬಂದರೂ ಮುದ್ದಿಸಿ ಮತ್ತೆ ತಾಯಿಯ ಎದುರಿಗೆ ಕೂರಿಸಿ.

ಮೊದಲ ಪ್ರಶ್ನೆ ಹೋದ ಸಲದ ಆಟದ ಬಗ್ಗೆ. "ಆಡಿಸಿದ್ಯಾಮ್ಮ?" ಎಂದು ಕೇಳಿದರೆ "ಹೂಂ ಟೀಚರ್" ಎಂಬ ಉತ್ತರ ಬರುತ್ತದೆ. ಆಡಿಸದಿದ್ದರೂ ಅದೇ ಉತ್ತರ. "ಹೋದ ಸಲದ ಬಟ್ಟೆ ಚೆಂಡು ಎಲ್ಲಿದೆ, ಹೇಗೆ ಆಡ್ತಾನೆ ಒಂಚೂರು ತೋರ್ಸಮ್ಮ" ಅನ್ನಿ. ಚೆಂಡು ಅಟ್ಟದ ಮೇಲಿಂದ ಧೂಳು ಕೊಡವಿಕೊಂಡು ಬಂದರೆ ಬೈಯಬೇಡಿ. ಮಗು ಹಾಳು ಮಾಡಿದರೆ ಟೀಚರ್ ಏನಂದಾರೋ ಎಂದು ಎತ್ತಿಟ್ಟಿರುತ್ತಾರೆ. "ಹಾಳಾದ್ರೆ ಹಾಳಾಗ್ಲಿ, ಇನ್ನೊಂದು ಮಾಡೋಣ" ಎಂದು ಮೊದಲ ಭೇಟಿಯಲ್ಲೇ ಹೇಳಿದ್ದರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ.

ಈಗ ಹೊಸ ಆಟ. ಮುಚ್ಚಿಟ್ಟದ್ದನ್ನು ಹುಡುಕುವುದು. ಇದಕ್ಕೆ ಚೀಲದಿಂದ ಏನೂ ತೆಗೆಯಬೇಡಿ. ಅಡುಗೆ ಮನೆಯಿಂದ ಒಂದು ಪಾವು ಮತ್ತು ಒಂದು ಕರ್ಚೀಫು ತರಿಸಿ. ಮಗುವಿಗೆ ಪಾವು ತೋರಿಸಿ, ಅದು ನೋಡುತ್ತಿರುವಾಗಲೇ ಅರ್ಧ ಮಾತ್ರ ಕಾಣುವಂತೆ ಬಟ್ಟೆ ಮುಚ್ಚಿ, "ಪಾವು ಎಲ್ಲಿ?" ಅನ್ನಿ. ನೀವು ಮಾಡಿ ತೋರಿಸುವುದು ಒಂದೇ ಸಲ. ಎರಡನೇ ಸಲಕ್ಕೆ ಬಟ್ಟೆ ತಾಯಿಯ ಕೈಗೆ ಹೋಗಲಿ, ನಿಮ್ಮ ಕೈ ನಿಮ್ಮ ಮಡಿಲಿಗೆ ಬರಲಿ. ತರಬೇತಿಯಲ್ಲಿ ಎಲ್ಲರಿಗೂ ಕಷ್ಟವಾಗುವುದು ಈ ಜಾಗವೇ. ತಾಯಿ ತಡವರಿಸುತ್ತಾಳೆ, ನಾಚಿಕೊಳ್ಳುತ್ತಾಳೆ, ಬಟ್ಟೆಯನ್ನು ಪೂರ್ತಿ ಮುಚ್ಚಿಬಿಡುತ್ತಾಳೆ, ಮಗು ಬೇರೆ ಕಡೆ ನೋಡುತ್ತದೆ. ನಿಮ್ಮ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ತಡೆಯಿರಿ. "ಸ್ವಲ್ಪ ಕಾಣೋ ಹಾಗೆ ಬಿಡಮ್ಮ, ಅವನ ಹೆಸರು ಹಿಡಿದು ಕರೀ" ಎಂದು ಬಾಯಲ್ಲಿ ಹೇಳಿ.

ಮುಚ್ಚಿದ ಮೇಲೆ ಕಾಯಬೇಕು. ಈ ವಯಸ್ಸಿನ ಮಗು ನೋಡಿ, ತಿಳಿದು, ಕೈ ಚಾಚುವುದಕ್ಕೆ ಹೊತ್ತು ಹಿಡಿಯುತ್ತದೆ. ದೊಡ್ಡವರು ಎರಡು ಸೆಕೆಂಡೂ ಕಾಯುವುದಿಲ್ಲ, "ಇಗೋ ಇಲ್ಲಿದೆ" ಅಂತ ಬಟ್ಟೆ ಎಳೆದುಬಿಡುತ್ತೇವೆ. ಮನಸ್ಸಿನಲ್ಲೇ ಹತ್ತರವರೆಗೆ ನಿಧಾನವಾಗಿ ಎಣಿಸಲು ತಾಯಿಗೆ ಹೇಳಿಕೊಡಿ. ಐದಕ್ಕೋ ಏಳಕ್ಕೋ ಆ ಪುಟ್ಟ ಕೈ ಹೊರಡುವುದನ್ನು ಅವಳೇ ನೋಡುತ್ತಾಳೆ. ನೀವು ಎಷ್ಟು ಭಾಷಣ ಮಾಡಿದರೂ ಆಗದ ಕೆಲಸ ಅಷ್ಟರಲ್ಲಿ ಆಗುತ್ತದೆ. ನನ್ನ ಮಗುವಿಗೆ ಗೊತ್ತಾಗುತ್ತದೆ ಎಂದು ತಾಯಿಗೆ ಅನ್ನಿಸಿದ ಮೇಲೆ ಅವಳು ಆಟ ಬಿಡುವುದಿಲ್ಲ. ಅರ್ಧ ಮುಚ್ಚಿದ್ದು ಸಲೀಸಾದರೆ ಪೂರ್ತಿ ಮುಚ್ಚಿ, ಅದೂ ಆದರೆ ಎರಡು ಬಟ್ಟೆ ಇಟ್ಟು ಒಂದರ ಕೆಳಗೆ ಅಡಗಿಸಿ. ಮಗು ತೀರಾ ಸುಲಭವಾಗಿ ಮಾಡಿದರೆ ಒಂದು ಮೆಟ್ಟಿಲು ಮೇಲೆ, ಎರಡು ಮೂರು ಸಲ ಸೋತರೆ ಒಂದು ಮೆಟ್ಟಿಲು ಕೆಳಗೆ. ಎಲ್ಲ ಆಟಕ್ಕೂ ಇದೇ ಲೆಕ್ಕ.

ಪಾವು ಎಂದೆ. ಒಂದು ಮಾತು ಸೇರಿಸುತ್ತೇನೆ. ಅಂಗಡಿಯಲ್ಲಿ ಒಂದರೊಳಗೊಂದು ಕೂರುವ ಬಣ್ಣದ ಬಟ್ಟಲುಗಳನ್ನು ಮಕ್ಕಳ ಬುದ್ಧಿ ಬೆಳೆಸುವ ಆಟಿಕೆ ಎಂದು ಮಾರುತ್ತಾರೆ. ನಮ್ಮ ಮನೆಗಳಲ್ಲಿ ಚಟಾಕು, ಪಾವು, ಅಚ್ಚೇರು, ಸೇರು ಸಾಲಾಗಿ ಇವೆ. ದೊಡ್ಡದರೊಳಗೆ ಚಿಕ್ಕದು ಹೋಗುತ್ತದೆ, ಚಿಕ್ಕದರೊಳಗೆ ದೊಡ್ಡದು ಹೋಗುವುದಿಲ್ಲ, ಬೋರಲು ಹಾಕಿದರೆ ಗೋಪುರ, ಚಮಚದಿಂದ ಬಡಿದರೆ ಒಂದೊಂದಕ್ಕೂ ಒಂದೊಂದು ಸದ್ದು. ಒಂದು ವರ್ಷದ ಮಗು ಇಷ್ಟನ್ನು ಕಂಡುಕೊಳ್ಳಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಅದೇ ಅದರ ಓದು. ಅಂಚು ಹರಿತವಿಲ್ಲವೇ ಎಂದು ಬೆರಳಾಡಿಸಿ ನೋಡಿ ಕೊಡಿ.

ಹೊಗಳುವ ಬಗ್ಗೆ. ಎಲ್ಲ ಕೈಪಿಡಿಗಳೂ ಮಗುವನ್ನು ಹೊಗಳಿ ಎನ್ನುತ್ತವೆ. ನಮ್ಮ ಊರುಗಳಲ್ಲಿ "ಎಷ್ಟು ಜಾಣ ನೋಡಿ!" ಎಂದು ನೀವು ಜೋರಾಗಿ ಹೇಳಿದ ಕೂಡಲೇ ಅಜ್ಜಿಯ ಮುಖ ಸಣ್ಣದಾಗುತ್ತದೆ. ದೃಷ್ಟಿಯಾಗುತ್ತದೆ ಎಂಬ ಭಯ. ಅಜ್ಜಿಯೊಂದಿಗೆ ವಾದ ಮಾಡಬೇಡಿ, ಆ ಮನೆಯ ಬಾಗಿಲು ಮುಚ್ಚಿಹೋಗುತ್ತದೆ. ಮಗು ಮಾಡಿದ್ದನ್ನು ಹಾಗೆಯೇ ಮಾತಿನಲ್ಲಿ ಹೇಳಿ: "ಬಟ್ಟೆ ತೆಗೆದ, ಪಾವು ಸಿಕ್ತು!" ಇದಕ್ಕೆ ಯಾರೂ ಬೇಸರಪಡುವುದಿಲ್ಲ. ಮಗುವಿಗೂ ಇದೇ ಹೆಚ್ಚು ಉಪಯೋಗ, ಯಾವ ಕೆಲಸಕ್ಕೆ ಅಮ್ಮ ನಕ್ಕಳು ಎಂದು ಅದಕ್ಕೆ ಗೊತ್ತಾಗುತ್ತದೆ, ಜೊತೆಗೆ ನಾಲ್ಕು ಪದ ಕಿವಿಗೆ ಬೀಳುತ್ತವೆ. ಹೊಗಳಿಕೆ ನಿಜವಾಗಿ ಬೇಕಾಗಿರುವುದು ತಾಯಿಗೆ. ಅದೂ ಬರೀ "ಚೆನ್ನಾಗಿ ಮಾಡಿದೆ" ಅಂತಲ್ಲ. "ನೀನು ಕಾದೆ ನೋಡು, ಅದಕ್ಕೇ ಅವನು ತಾನೇ ತೆಗೆದ." ಇಷ್ಟು ಸ್ಪಷ್ಟವಾಗಿ ಹೇಳಿದರೆ ನಾಳೆಯೂ ಕಾಯುತ್ತಾಳೆ. ಅತ್ತೆಯ ಎದುರಿಗೆ ಹೇಳಿದರೆ ಇನ್ನೂ ಒಳ್ಳೆಯದು.

ಹೊರಡುವ ಮುಂಚೆ ಒಂದು ಕೆಲಸ ಬಾಕಿ ಇರುತ್ತದೆ, ಸಾಮಾನ್ಯವಾಗಿ ಬಿಟ್ಟುಹೋಗುವುದೂ ಇದೇ. ಈ ಆಟವನ್ನು ದಿನದ ಯಾವ ಹೊತ್ತಿನಲ್ಲಿ ಆಡುತ್ತಾಳೆ ಎಂದು ತಾಯಿಯ ಬಾಯಿಂದಲೇ ಹೇಳಿಸಬೇಕು. "ದಿನಾ ಆಡಿಸು" ಎಂದರೆ ನಡೆಯುವುದಿಲ್ಲ. "ಟೈಮೆಲ್ಲಿದೆ ಟೀಚರ್, ಕೂಲಿಗೆ ಹೋಗಿ ಬಂದು ಅಡಿಗೆ ಮಾಡೋ ಹೊತ್ತಿಗೆ ಸಾಕಾಗಿರುತ್ತೆ" ಎಂದರೆ ಅದು ನಿಜ. ಅವಳಿಗೆ ಹೊಸದಾಗಿ ಅರ್ಧ ಗಂಟೆ ಹುಟ್ಟುವುದಿಲ್ಲ, ಇರುವ ಕೆಲಸದ ಒಳಗೇ ಆಟ ಸೇರಬೇಕು. ಎಣ್ಣೆ ಹಚ್ಚುವಾಗ ಕೈ ಎಲ್ಲಿ, ಕಾಲು ಎಲ್ಲಿ. ನೀರು ಹಾಕುವಾಗ ಚೊಂಬಿನಿಂದ ಲೋಟಕ್ಕೆ, ಲೋಟದಿಂದ ಚೊಂಬಿಗೆ. ಸೊಪ್ಪು ಬಿಡಿಸುವಾಗ ದಂಟು ಒಂದು ಕಡೆ, ಎಲೆ ಒಂದು ಕಡೆ, ಎರಡು ವರ್ಷದ ಮಗು ಇದನ್ನು ಚೆನ್ನಾಗಿಯೇ ಮಾಡುತ್ತದೆ. ಒಗೆದ ಬಟ್ಟೆ ಮಡಿಸುವಾಗ ಅಪ್ಪನದು, ಪಾಪುದು. ಊಟದ ಕೊನೆಯಲ್ಲಿ ಅಂಗೈ ಮೇಲೆ ಅನ್ನ ಕಲಸಿದ ಹಾಗೆ ಮಾಡಿ, ಒಂದೊಂದು ಬೆರಳಿಗೂ ತುತ್ತು ಕೊಟ್ಟು, ಬೆರಳು ನಡೆಸಿಕೊಂಡು ಹೋಗಿ ಕಂಕುಳಲ್ಲಿ ಕಚಗುಳಿ ಇಡುವ ಆಟ ನಿಮ್ಮೆಲ್ಲರಿಗೂ ಗೊತ್ತು. ಮುಂದೇನು ಬರುತ್ತದೆ ಎಂದು ಮಗು ಕಾಯುವುದು, ಕಚಗುಳಿ ಬರುವ ಮೊದಲೇ ನಗುವುದು, ಇದೆಲ್ಲ ನೆನಪಿನ ಶಕ್ತಿಯ ಕೆಲಸವೇ. ಅಜ್ಜಿಯರ ಬಳಿ ಇಂಥವು ಹತ್ತಾರು ಇವೆ. ಉಪ್ಪಿನ ಮೂಟೆ, ಕೂಸುಮರಿ, ಕಣ್ಣಾಮುಚ್ಚಾಲೆ. ಕೇಳಿ ಹೇಳಿಸಿ, ನೀವು ಕಲಿಯಲು ಬಂದವರ ಹಾಗೆ ಕೇಳಿ. ತಾಯಿ ಗಾರ್ಮೆಂಟ್ಸಿಗೋ ತೋಟದ ಕೆಲಸಕ್ಕೋ ಹೋಗುವ ಮನೆಗಳಲ್ಲಿ ಹಗಲು ಮಗುವಿನ ಜೊತೆ ಇರುವವರು ಅಜ್ಜಿಯೇ, ಹಾಗಾಗಿ ಆಟ ಕಲಿಯಬೇಕಾದವರೂ ಅಜ್ಜಿಯೇ. ಮಗು ಪಂಚಾಯಿತಿಯ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರದಲ್ಲಿ ಇರುತ್ತದೆ ಎಂದಾದರೆ ಅಲ್ಲಿನ ಆರೈಕೆದಾರರಿಗೂ ಇದನ್ನೇ ಮಾಡಿ ತೋರಿಸಿ.

ಆಟಿಕೆ ಮಾಡುವ ವಿಷಯಕ್ಕೆ ಬರುತ್ತೇನೆ. ಜಮೈಕಾದಲ್ಲಿ ಆಟಿಕೆಗಳನ್ನು ಹೆಚ್ಚಾಗಿ ಮನೆಯ ಬೇಡದ ಸಾಮಾನಿನಿಂದಲೇ ಮಾಡಿದರು, ಮನೆಯಲ್ಲೇ ಬಿಟ್ಟುಬಂದರು, ಮುಂದಿನ ಭೇಟಿಯಲ್ಲಿ ಬದಲಿಸಿದರು. ಒಂದೇ ಆಟಿಕೆ ತಿಂಗಳುಗಟ್ಟಲೆ ಇದ್ದರೆ ಮಗುವಿಗೂ ಬೇಸರ, ತಾಯಿಗೂ ಬೇಸರ.

ಗಿಲಕಿಗೆ ಅರ್ಧ ಲೀಟರಿನ ನೀರಿನ ಬಾಟಲಿಗಿಂತ ಕಾಲು ಲೀಟರಿನದು ಒಳ್ಳೆಯದು, ಆರು ತಿಂಗಳ ಮಗುವಿನ ಮುಷ್ಟಿಗೆ ಅದರ ಕತ್ತು ಸಿಗುತ್ತದೆ. ತೊಳೆದು, ಬೋರಲಿಟ್ಟು ಒಂದು ಇಡೀ ದಿನ ಒಣಗಿಸಿ. ಒಳಗೆ ಪಸೆ ಉಳಿದರೆ ಕಾಳು ಬೂಷ್ಟು ಹಿಡಿಯುತ್ತದೆ. ಒಂದು ಚಮಚ ಕಾಳು ಸಾಕು. ಅರ್ಧ ಬಾಟಲಿ ತುಂಬಿದರೆ ಸದ್ದೂ ಬರುವುದಿಲ್ಲ, ಮಗುವಿಗೆ ಎತ್ತಲೂ ಆಗುವುದಿಲ್ಲ. ಮುಚ್ಚಳದ ಸುರುಳಿಗೆ ಗಟ್ಟಿ ಅಂಟು ಹಚ್ಚಿ ತಿರುಗಿಸಿ, ಒಣಗಿದ ಮೇಲೆ ಸುತ್ತ ಟೇಪ್ ಹಾಕಿ, ನೀವೇ ಶಕ್ತಿ ಬಿಟ್ಟು ತಿರುಗಿಸಿ ನೋಡಿ. ತೆರೆದುಕೊಂಡರೆ ಕೊಡಬೇಡಿ. ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಬೇಗ ಸೀಳುತ್ತದೆ, ಪ್ರತಿ ಭೇಟಿಯಲ್ಲೂ ಬಾಟಲಿಯನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕಿ.

ಇಲ್ಲಿ ಒಂದು ಎಚ್ಚರಿಕೆ. ಬಣ್ಣಬಣ್ಣದ ಬಾಟಲಿ ಮುಚ್ಚಳಗಳನ್ನು ಎಣಿಸಲು, ವಿಂಗಡಿಸಲು ಕೊಡುವುದು ಎಲ್ಲ ಕಡೆ ಕಾಣುತ್ತದೆ. ಆಟಿಕೆಯ ಭಾಗ ಮಗುವಿನ ಗಂಟಲಿಗೆ ಅಪಾಯವೇ ಎಂದು ಪರೀಕ್ಷಿಸುವ ಕೊಳವೆಯ ವ್ಯಾಸ 3.17 ಸೆಂ.ಮೀ. ಅದರೊಳಗೆ ಪೂರ್ತಿ ಇಳಿದುಹೋಗುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಬರಬಾರದು. ನೀರಿನ ಬಾಟಲಿ ಮುಚ್ಚಳ ಸುಮಾರು ಮೂರು ಸೆಂಟಿಮೀಟರ್, ಇಳಿದುಹೋಗುತ್ತದೆ. ಗೋಲಿ, ಹುಣಸೆ ಬೀಜ, ಕಡಲೆಕಾಯಿ, ಗುಂಡಿ, ಕೈಗಡಿಯಾರದ ಬಿಲ್ಲೆ ಸೆಲ್, ಇವು ಯಾವುವೂ ಬೇಡ. ಅಗಲ ಬಾಯಿಯ ಡಬ್ಬಿಗಳ ಮುಚ್ಚಳ ಬಳಸಿ. ಉಬ್ಬಿಸದ ಬಲೂನು, ಪ್ಲಾಸ್ಟಿಕ್ ಚೀಲ ಕೂಡ ಮಗುವಿನ ಕೈಗೆ ಸಿಗದ ಕಡೆ ಇರಲಿ.

ಪುಸ್ತಕಕ್ಕೆ ಹಳೆಯ ಲಗ್ನಪತ್ರಿಕೆಗಳಷ್ಟು ಅನುಕೂಲವಾದ್ದು ಬೇರೆ ಇಲ್ಲ. ದಪ್ಪ ಕಾಗದ, ಬೇಗ ಹರಿಯುವುದಿಲ್ಲ. ಒಂದೇ ಅಳತೆಯ ನಾಲ್ಕು ಹಾಳೆ, ಪುಟಕ್ಕೆ ಒಂದೇ ಚಿತ್ರ. ಹಸು, ನಾಯಿ, ಬಾಳೆಹಣ್ಣು, ಚಪ್ಪಲಿ, ಬಸ್ಸು, ಅಂದರೆ ಮಗು ದಿನವೂ ಕಾಣುವ ವಸ್ತುಗಳು. ಒಂದೇ ಪುಟದಲ್ಲಿ ಹದಿನಾರು ಹಣ್ಣಿರುವ ಚಾರ್ಟು ಈ ವಯಸ್ಸಿಗೆ ಗೊಂದಲ. ಸ್ಟೇಪ್ಲರ್ ಪಿನ್ ಬೇಡ, ದಾರದಲ್ಲಿ ಹೊಲಿಯಿರಿ. ಪುಸ್ತಕ ಸಿಕ್ಕ ಕೂಡಲೇ ಮನೆಯವರು "ಇದೇನು? ಇದೇನು?" ಎಂದು ಪರೀಕ್ಷೆ ಶುರು ಮಾಡುತ್ತಾರೆ, ಮಗು ಪುಸ್ತಕ ಮುಚ್ಚಿ ಎದ್ದು ಹೋಗುತ್ತದೆ. ಕೇಳುವುದಕ್ಕಿಂತ ಹೇಳುವುದು ಹೆಚ್ಚಿರಲಿ. ಮಗು ಬೆರಳಿಟ್ಟದ್ದನ್ನು ತಾಯಿ ಹೆಸರಿಸಲಿ, ಮಗು "ಅಂಬಾ" ಅಂದರೆ "ಹೌದು, ಹಸು ಅಂಬಾ ಅನ್ನುತ್ತೆ, ಹುಲ್ಲು ತಿನ್ನುತ್ತೆ" ಎಂದು ಒಂದು ಮಾತು ಬೆಳೆಸಲಿ. ಮನೆಯಲ್ಲಿ ತುಳು, ಉರ್ದು, ತೆಲುಗು, ಲಂಬಾಣಿ ಯಾವುದು ಮಾತಾಡುತ್ತಾರೋ ಅದರಲ್ಲೇ ಮಾತಾಡಲಿ.

ಜೋಡಿಸುವ ಚಿತ್ರಕ್ಕೆ ರಟ್ಟಿನ ಮೇಲೆ ಚಿತ್ರ ಅಂಟಿಸಿ, ಒಂದೂವರೆಯಿಂದ ಎರಡು ವರ್ಷದವರಿಗೆ ನೇರವಾಗಿ ಎರಡೇ ತುಂಡು. ಎರಡೂವರೆ ದಾಟಿದ ಮೇಲೆ ಮೂರು, ನಾಲ್ಕು. ಎರಡನೇ ತುಂಡನ್ನು ತಾಯಿ ಸರಿಯಾದ ಜಾಗದ ಹತ್ತಿರ ಇಟ್ಟು, ಕೊನೆಯ ತಳ್ಳುವಿಕೆಯನ್ನು ಮಗುವಿಗೆ ಬಿಡಬೇಕು. ಮಗುವಿನ ಕೈ ಹಿಡಿದು ತಾನೇ ಜೋಡಿಸುವ ತಾಯಂದಿರು ಬಹಳ. ಅದು ಮಗು ಮಾಡಿದ ಹಾಗಲ್ಲ.

ಮೊಬೈಲ್ ಬಗ್ಗೆ ಪ್ರತಿ ಸಭೆಯಲ್ಲೂ ಕೇಳುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಆಮೇಲೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಿಲ್ಲ, ಕಡಿಮೆಯಾದಷ್ಟೂ ಒಳ್ಳೆಯದು. ತಾಯಿಗೆ "ಮೊಬೈಲ್ ಕೊಡಬೇಡ" ಎಂದಷ್ಟೇ ಹೇಳಿದರೆ ಅವಳಿಗೆ ಒಂದು ಕಷ್ಟ ಹೆಚ್ಚುತ್ತದೆ. ಊಟ ಮಾಡಿಸುವಾಗ ಮೊಬೈಲ್ ಇದ್ದರೆ, ಊಟದ ಹೊತ್ತಿಗೆ ಕೈಗೆ ಏನು ಕೊಡುವುದು ಎಂದು ಅವಳ ಜೊತೆ ಕೂತು ಯೋಚಿಸಿ. ಒಂದು ಖಾಲಿ ಬಟ್ಟಲು, ಒಂದು ಚಮಚ, ನಾಲ್ಕು ಅಗುಳು ಅನ್ನ. ಚೆಲ್ಲುತ್ತದೆ, ಚೆಲ್ಲಲಿ.

ಒಬ್ಬೊಬ್ಬರ ಮನೆಗೂ ವಾರವಾರ ಒಂದು ಗಂಟೆ ಹೋಗಲು ನಮಗೆ ಸಾಧ್ಯವೇ ಎಂದು ನೀವು ಕೇಳುವುದು ನ್ಯಾಯ. ಸಾಧ್ಯವಿಲ್ಲ. ಒಡಿಶಾದ 192 ಹಳ್ಳಿಗಳಲ್ಲಿ ಇದೇ ಜಮೈಕಾ ಮಾದರಿಯನ್ನು ಎರಡು ರೀತಿ ಮಾಡಿ ನೋಡಿದರು, ಕೆಲವು ಹಳ್ಳಿಗಳಲ್ಲಿ ಮನೆ ಭೇಟಿ, ಕೆಲವು ಹಳ್ಳಿಗಳಲ್ಲಿ ತಾಯಂದಿರ ಗುಂಪು. ಮಕ್ಕಳ ಕಲಿಕೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು, ಗುಂಪಿನ ಖರ್ಚು ಬಹಳ ಕಡಿಮೆ. ನಮಗೆ ಇದು ದಾರಿ. ಒಂದು ಗುಂಪಿಗೆ ಎಂಟು ತಾಯಿ-ಮಗು ಜೋಡಿ, ಹತ್ತಕ್ಕಿಂತ ಮೇಲೆ ಬೇಡ. ವಯಸ್ಸು ಹತ್ತಿರ ಇರುವವರನ್ನು ಸೇರಿಸಿ. ಗೋಲಾಗಿ ಕೂರಿಸಿ, ಪ್ರತಿ ಜೋಡಿಯ ಮುಂದೆಯೂ ಆಟಿಕೆ ಇರಲಿ. ಎಂಟು ಮಕ್ಕಳಿಗೆ ಎರಡು ಚೆಂಡು ಇಟ್ಟರೆ ಜಗಳವೇ ಆಟ. ದೊಡ್ಡ ಮಕ್ಕಳಿಗೆ ಸಹಾಯಕಿ ಹೊರಗೆ ಬೇರೆ ಏನಾದರೂ ಆಡಿಸಬೇಕು, ಇಲ್ಲದಿದ್ದರೆ ಆಟಿಕೆಯೆಲ್ಲ ಅವರ ಪಾಲು. ನೀವು ಮಾತಾಡುವುದು ಐದು ನಿಮಿಷಕ್ಕೆ ಮೀರಬಾರದು, ಉಳಿದ ಹೊತ್ತೆಲ್ಲ ತಾಯಂದಿರು ಆಡಿಸಬೇಕು, ನೀವು ಒಬ್ಬೊಬ್ಬರ ಪಕ್ಕ ಎರಡೆರಡು ನಿಮಿಷ ಕೂರಬೇಕು. ಗುಂಪಿಗೆ ಬರದವರು, ತೀರಾ ಕಡಿಮೆ ತೂಕದ ಮಕ್ಕಳು, ಬಾಣಂತನ ಮುಗಿಸಿ ಈಗಷ್ಟೇ ಬಂದ ಚೊಚ್ಚಲ ತಾಯಂದಿರು, ಇವರ ಮನೆಗೆ ಮಾತ್ರ ಭೇಟಿ ಇಟ್ಟುಕೊಳ್ಳಿ. ಆಶಾ ಕಾರ್ಯಕರ್ತೆಯರು ಮಗುವಿನ 3, 6, 9, 12, 15ನೇ ತಿಂಗಳಿಗೆ ಹೇಗೂ ಮನೆಗೆ ಹೋಗುತ್ತಾರೆ, ದಿನ ಮಾತಾಡಿಕೊಂಡು ಜೊತೆಗೆ ಹೋಗಿ. ಚುಚ್ಚುಮದ್ದಿನ ದಿನ ತಾಯಂದಿರು ಕಾಯುತ್ತ ಕೂತಿರುವ ಹೊತ್ತೂ ನಿಮ್ಮದೇ.

ಕೊನೆಗೆ ರಿಜಿಸ್ಟರ್. ಭೇಟಿ ಆಯಿತು ಎಂದು ಬರೆದರೆ ಸಾಲದು. ಮೂರು ಸಂಗತಿ ಬರೆಯಿರಿ: ತಾಯಿ ಯಾವ ಆಟ ಆಡಿ ತೋರಿಸಿದಳು, ಮಗು ಎಲ್ಲಿಯವರೆಗೆ ಮಾಡಿತು, ಯಾವ ಆಟಿಕೆ ಬಿಟ್ಟುಬಂದಿರಿ. ಎರಡನೆಯ ಸಾಲನ್ನು ತಿಂಗಳಿಗೊಮ್ಮೆ ಹಿಂದಕ್ಕೆ ತಿರುಗಿಸಿ ಓದಿ. ಒಂದು ವರ್ಷವಾದರೂ "ಬಾಬಾ, ದಾದಾ" ಎಂಬ ಸದ್ದಿಲ್ಲ, ಬೆರಳು ತೋರಿಸುವುದಿಲ್ಲ, ಒಂದೂವರೆ ವರ್ಷವಾದರೂ ನಡೆಯುವುದಿಲ್ಲ, ಎರಡು ವರ್ಷಕ್ಕೆ "ಅಮ್ಮ ಬಾ" ಎಂಬಂಥ ಎರಡು ಪದ ಸೇರುವುದಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಅಥವಾ ನಿನ್ನೆಯವರೆಗೆ ಮಾಡುತ್ತಿದ್ದುದನ್ನು ಮಗು ಬಿಟ್ಟುಬಿಟ್ಟಿದೆ ಎಂದಾದರೆ ಇನ್ನಷ್ಟು ಆಡಿಸಿ ನೋಡೋಣ ಎಂದು ಕಾಯಬೇಡಿ. "ಅವರ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಮನೆಯವರು ಹೇಳುತ್ತಾರೆ. ಹೇಳಲಿ. ಕಿವಿ ಕೇಳದಿದ್ದರೂ ಮಾತು ಬರುವುದಿಲ್ಲ, ಅದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು. ಮಕ್ಕಳ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಿ, ಅವರು ಬೆಳವಣಿಗೆಯ ತೊಂದರೆ ಇರುವ ಮಕ್ಕಳನ್ನು ನೋಡುವ ಜಿಲ್ಲಾ ಕೇಂದ್ರಕ್ಕೆ ಬರೆದುಕೊಟ್ಟರೆ ಹೋಗುವ ದಿನ ಗೊತ್ತು ಮಾಡಿಸಿ. ಹೋಗಿ ಬಂದ ವಾರವೇ ಆ ಮನೆಗೆ ಮತ್ತೆ ಭೇಟಿ ಕೊಟ್ಟು, ಅಲ್ಲಿ ಹೇಳಿಕೊಟ್ಟ ಅಭ್ಯಾಸವನ್ನು ತಾಯಿ ಮಾಡಿ ತೋರಿಸುವುದನ್ನು ನೋಡಿಕೊಂಡು ಬನ್ನಿ.